ಅಳಲಿ ಬಿಡಿ

ಅಜ್ಜಿ ಮತ್ತೆ ಅಳುತ್ತಿದ್ದಾಳೆ ಎಂಬ ಸುದ್ದಿ ತಂದವಳು ಪುಟ್ಟಿ. ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಅಡುಗೆಮನೆಯಿಂದ ಬಂದವಳು, ಊಟದ ಮೇಜಿನ ಸುತ್ತ ಕೂತಿದ್ದ ಮೂವರಿಗೂ ಕೇಳುವ ಹಾಗೆ ಹೇಳಿದಳು:

"ಇವತ್ತು ಒಲೆ ಮುಂದೆ ಅಲ್ಲ, ಸಿಂಕ್ ಮುಂದೆ."

ಅಜ್ಜ ಪೇಪರ್ ಮಡಿಸಿದ. "ಬೆಳ್ಬೆಳಗ್ಗೆ ಶುರುವಾಯ್ತಾ?"

ಅಜ್ಜಿ ಬೇಯಿಸಿದ ಮೊಟ್ಟೆಗಳ ಪಾತ್ರೆ ಹಿಡಿದುಕೊಂಡು ಬಂದಳು. ಮುಖ ತೊಳೆದುಕೊಂಡಿದ್ದಳು, ಆದರೆ ಮೂಗಿನ ತುದಿ ಕೆಂಪಗಿತ್ತು.

"ಹಲ್ಲುನೋವಾ?" ಎಂದ ಅಜ್ಜ.

"ಪ್ರಾರ್ಥನೆ ಮಾಡ್ತಿದ್ದೆ."

"ಪ್ರಾರ್ಥನೆ ಮಾಡೋಕೆ ಮೂಗು ಸೊರಸೊರ ಅನ್ನಿಸ್ಬೇಕಾ? ನಾನೂ ದಿನಾ ಮಾಡ್ತೀನಿ. ನನ್ನ ಕರ್ಚೀಫು ಮಡಿಸಿದ ಹಾಗೇ ಇರುತ್ತೆ."

ಮಗ ತಲೆಯೆತ್ತದೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಸವರಿದ್ದಲ್ಲಿಗೇ ಮತ್ತೆ ಸವರುತ್ತಿದ್ದ. ಇದ್ದಕ್ಕಿದ್ದ ಹಾಗೆ ಚಾಕು ತಟ್ಟೆಗೆ ಕುಕ್ಕಿದ.

"ಒಂದು ತಿಂಗಳಿಂದ ಇದೇ ಗೋಳು ಅಮ್ಮ. ತಿಂದಿದ್ದು ಗಂಟಲಲ್ಲಿ ಇಳಿಯಲ್ಲ. ಯಾರು ಸತ್ತಿದ್ದಾರೆ ಅಂತ ಅಳ್ತೀಯ?"

"ಯಾರೂ ಸತ್ತಿಲ್ಲ. ನಿನಗೋಸ್ಕರ ಅಳ್ತಿದ್ದೀನಿ."

"ನನಗೇನಾಗಿದೆ?"

"ಅದು ನಿನಗೆ ಗೊತ್ತು. ನನಗೆ ಗೊತ್ತಿಲ್ಲ. ಗೊತ್ತಿದ್ರೆ ದೇವರ ಹತ್ರ ಮಾತಲ್ಲೇ ಕೇಳ್ಕೋತಿದ್ದೆ."

ಮಗ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಉಪಕರಣಗಳ ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ. ಬಾಗಿಲು ದಡಾರನೆ ಹಾಕಿಕೊಂಡಿತು. ಸೊಸೆ ಅವನ ತಟ್ಟೆಯಲ್ಲಿ ಉಳಿದಿದ್ದ ಬ್ರೆಡ್ಡನ್ನು ಸುತ್ತಿ ಪುಟ್ಟಿಯ ಡಬ್ಬಿಗೆ ಹಾಕಿದಳು.

"ಅತ್ತೆ, ಅವರಿಗೆ ಕೆಲಸದ ಒತ್ತಡ ಅಷ್ಟೇ," ಎಂದಳು. ಹಾಗೆನ್ನುವಾಗ ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

ಆ ಮನೆಯಲ್ಲಿ ಅಳು ಎಂದರೆ ಅಜ್ಜನಿಗೆ ಆಗುತ್ತಿರಲಿಲ್ಲ. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತನಾದವನು ಅವನು. ಈಗಲೂ ಅಂಗಡಿ ಬೋರ್ಡಿನಲ್ಲಿ ಒಂದಕ್ಷರ ತಪ್ಪಿದ್ದರೆ ಒಳಗೆ ಹೋಗಿ ಹೇಳಿ ಬರುತ್ತಿದ್ದ. ಚರ್ಚಿನ ಸಭೆಯಲ್ಲಿ ಹಿರಿಯ, ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು, ಸಮಯ ಬಂದಾಗ ಎದ್ದು ನಿಂತು ಗಂಟೆ ಬಾರಿಸಿದ ಹಾಗೆ ಪ್ರಾರ್ಥಿಸುವವನು. ತನ್ನ ತಾಯಿಯನ್ನು ಮಣ್ಣು ಮಾಡುವಾಗ ಒಂದು ಹನಿಯೂ ಉದುರಿಸದೆ ಕೊನೆಯ ಚರಣದ ತನಕ ಹಾಡಿದ್ದನ್ನು ಅವನು ಎಷ್ಟೋ ಜನರಿಗೆ ಹೇಳಿದ್ದ. ವಿಶ್ವಾಸ ಇರುವವರ ಮುಖದಲ್ಲಿ ಸಂತೋಷ ಕಾಣಬೇಕು, ಅತ್ತರೆ ದೇವರ ಮೇಲೆ ದೂರು ಹೇಳಿದ ಹಾಗೆ ಎನ್ನುವುದು ಅವನ ಲೆಕ್ಕ.

ಅಜ್ಜಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಇನ್ನೂರು ಮಕ್ಕಳಿಗೆ ಸೂಪು ಕಾಯಿಸಿ, ಬಡಿಸಿ, ಸಂಜೆ ನಾಲ್ಕಕ್ಕೆ ಮನೆಗೆ ಬಂದು ಮತ್ತೆ ಐದು ಜನಕ್ಕೆ ಅಡುಗೆ ಮಾಡುವವಳು. ಸಣ್ಣಪುಟ್ಟದ್ದಕ್ಕೆ ಅಳುವ ಜೀವ ಅಲ್ಲ. ಕುದಿಯುವ ಹಾಲು ಕೈಮೇಲೆ ಚೆಲ್ಲಿದಾಗ "ಹಾಲು ಹೋಯ್ತಲ್ಲಪ್ಪ" ಎಂದವಳು. ಅವಳ ಅಳುವಿಗೆ ಕಾರಣವಾದದ್ದು ಒಂದು ತಟ್ಟೆ.

ಅವರ ಸಭೆಯಲ್ಲಿ ಭಾನುವಾರದ ಆರಾಧನೆಯ ಕೊನೆಗೆ ಕರ್ತನ ಭೋಜನದ ರೊಟ್ಟಿಯ ತಟ್ಟೆಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಾರೆ. ಮನಸ್ಸಿನಲ್ಲಿ ತಪ್ಪು ಮುಚ್ಚಿಟ್ಟುಕೊಂಡವರು ಆ ರೊಟ್ಟಿ ಮುಟ್ಟುವುದಿಲ್ಲ. ಏಳು ವಾರಗಳ ಹಿಂದೆ ಆ ತಟ್ಟೆ ಮಗನ ಕೈಗೆ ಬಂತು. ಅವನು ತುಂಡು ತೆಗೆದುಕೊಳ್ಳಲಿಲ್ಲ. ಹಾಗೇ ಹೆಂಡತಿಯ ಕೈಗೆ ದಾಟಿಸಿದ. ಮರೆತಿರಬೇಕು ಎಂದುಕೊಂಡಳು ಅಜ್ಜಿ. ಮುಂದಿನ ಭಾನುವಾರವೂ ದಾಟಿಸಿದ. ಅದರ ಮುಂದಿನ ಭಾನುವಾರ ತಟ್ಟೆ ಬರುವ ಮೊದಲೇ ಕೆಮ್ಮು ಬಂದವನ ಹಾಗೆ ಎದ್ದು ಹೊರಗೆ ಹೋದ. ಮುಂದಿನ ಬೆಂಚಿನಲ್ಲಿದ್ದ ಅಜ್ಜನಿಗೆ ಇದ್ಯಾವುದೂ ಕಾಣಲಿಲ್ಲ. ಅಜ್ಜಿಗೆ ಕಂಡಿತು. ಆ ದಿನದಿಂದ ಬೆಳಗಿನ ಪ್ರಾರ್ಥನೆಯಲ್ಲಿ ಮಗನ ಮಾತು ಎತ್ತಿದ ಕೂಡಲೇ ಅವಳಿಗೆ ಮಾತು ನಿಂತು ಕಣ್ಣಲ್ಲಿ ನೀರು ಬರತೊಡಗಿತು.

ನಡೆದದ್ದು ಏನೆಂದರೆ, ಮಗ ಲಿಫ್ಟುಗಳ ಮೆಕ್ಯಾನಿಕ್. ಅವನ ಜೊತೆಗಾರ ಮೇಸ್ತ್ರಿ. ಮೂವತ್ತು ವರ್ಷದ ಅನುಭವ, ಮಗನಿಗೆ ಕೆಲಸ ಕಲಿಸಿದವನೂ ಅವನೇ. ಎರಡು ತಿಂಗಳ ಹಿಂದೆ ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಇಬ್ಬರೂ ಲಿಫ್ಟು ರಿಪೇರಿಗೆ ಹೋಗಿದ್ದರು. ಬಾಗಿಲು ತೆರೆದಿದ್ದರೆ ಲಿಫ್ಟು ಕದಲದ ಹಾಗೆ ತಡೆಯುವ ಒಂದು ಸ್ವಿಚ್ಚು ಇರುತ್ತದೆ. ಪರೀಕ್ಷೆ ಮಾಡುವಾಗ ಆ ಸ್ವಿಚ್ಚನ್ನು ತಪ್ಪಿಸಲು ಒಂದು ಗೇಣು ತಂತಿ ಕಟ್ಟುತ್ತಾರೆ, ಕೆಲಸ ಮುಗಿದ ಮೇಲೆ ಬಿಚ್ಚಬೇಕು. ಕಟ್ಟಿದವನು ಮಗ. ಬಿಚ್ಚಲು ಮರೆತವನೂ ಅವನೇ. "ಎಲ್ಲಾ ಬಿಚ್ಚಿದ್ಯಾ?" ಎಂದು ಮೇಸ್ತ್ರಿ ಕೆಳಗಿನಿಂದ ಕೂಗಿದಾಗ ತಿರುಗಿ ನೋಡದೆಯೇ "ಹ್ಞೂಂ" ಎಂದಿದ್ದ. ಮೇಸ್ತ್ರಿ ಪುಸ್ತಕದಲ್ಲಿ ಸಹಿ ಹಾಕಿದ.

ಮರುದಿನ ಆ ಕಟ್ಟಡದಲ್ಲಿ ಪಿಯಾನೊ ಕಲಿಸುವ ಟೀಚರೊಬ್ಬರು ಲಿಫ್ಟಿನಿಂದ ಇಳಿಯುತ್ತಿದ್ದಾಗ, ಬಾಗಿಲು ತೆರೆದಿದ್ದರೂ ಲಿಫ್ಟು ಮೇಲಕ್ಕೆ ಹೊರಟಿತು. ಬಿದ್ದು ಅವರ ಕಾಲು ಮುರಿಯಿತು. ವಿಚಾರಣೆಯಲ್ಲಿ ತಂತಿ ಸಿಕ್ಕಿತು. ಕಟ್ಟಿದ್ದು ಯಾರು ಎಂದು ಕೇಳಿದಾಗ ಮಗ "ನೆನಪಿಲ್ಲ" ಎಂದ. ಮೇಸ್ತ್ರಿ ಬಹಳ ಹೊತ್ತು ನೆಲ ನೋಡುತ್ತಿದ್ದು, "ಹಾಗಾದ್ರೆ ನಾನೇ ಕಟ್ಟಿ ಮರೆತಿರಬೇಕು. ಸಹಿ ನನ್ನದೇ," ಎಂದ. ಅವನನ್ನು ಕೆಲಸದಿಂದ ತೆಗೆದರು. ತಂತಿ ಮರೆತದ್ದಕ್ಕೆ ವಿಚಾರಣೆ ನಡೆದು ಮೇಸ್ತ್ರಿಯ ಕೆಲಸ ಹೋಯಿತು ಎಂಬುದಷ್ಟೇ ಮನೆಯವರಿಗೆ ಗೊತ್ತಾಗಿದ್ದು. ಉಳಿದದ್ದು ಮಗನ ಹೊಟ್ಟೆಯೊಳಗೇ ಇತ್ತು.

ಆ ವಾರದ ಬುಧವಾರ ಮನೆಯಲ್ಲಿ ಜಗಳವಾಯಿತು. ಊಟಕ್ಕೆ ಮುಂಚೆ ಒಬ್ಬೊಬ್ಬರು ಒಂದೊಂದು ದಿನ ಪ್ರಾರ್ಥನೆ ಮಾಡುವುದು ಅವರ ಮನೆಯ ವಾಡಿಕೆ. ಅಂದು ಅಜ್ಜಿಯ ಸರದಿ. ಎರಡು ವಾಕ್ಯ ಹೇಳಿ ನಿಂತಳು. ಸೂಪಿನ ಮೇಲೆ ಕೆನೆ ಕಟ್ಟುವ ತನಕ ಎಲ್ಲರೂ ಕಣ್ಣು ಮುಚ್ಚಿ ಕಾದರು.

"ಆಮೆನ್," ಎಂದುಬಿಟ್ಟ ಅಜ್ಜ. "ಇನ್ನು ಮೇಲೆ ಈ ಮೇಜಿನ ಮುಂದೆ ಅಳೋದಾದ್ರೆ ಪ್ರಾರ್ಥನೆ ಬೇಡ."

"ನಾನು ಬೇಕು ಅಂತ ಅಳಲ್ಲ ರೀ."

"ಬೇಡ ಅಂತ ನಿಲ್ಲಿಸ್ಬಹುದಲ್ಲ? ಮಗು ನೋಡ್ತಿದೆ. ನಾಳೆ ಶಾಲೇಲಿ ಹೋಗಿ, ನಮ್ಮಜ್ಜಿ ದೇವರ ಹತ್ರ ಮಾತಾಡಿದ್ರೆ ದೇವರು ಬೈತಾನೆ ಅಂತ ಹೇಳುತ್ತೆ."

"ನಾನು ಹೇಳಲ್ಲ," ಎಂದಳು ಪುಟ್ಟಿ. "ಅಜ್ಜಿ, ದೇವರಿಗೆ ಅಳು ಕೇಳ್ಸುತ್ತಾ ಕಾಣ್ಸುತ್ತಾ?"

"ನೀನು ಸೂಪು ಕುಡಿ," ಎಂದಳು ಸೊಸೆ.

ಮರುದಿನದಿಂದ ಅಜ್ಜಿ ಊಟದ ಮೇಜಿನ ಮುಂದೆ ಬಾಯಿ ತೆರೆಯಲಿಲ್ಲ. ತನ್ನ ಸರದಿ ಬಂದಾಗ "ನೀವೇ ಮಾಡಿ" ಎಂದು ಅಜ್ಜನಿಗೆ ಬಿಟ್ಟುಕೊಟ್ಟಳು. ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು, ಹಳೆಯ ಪೇಪರು ಇಡುವ ಕೋಣೆಯೊಂದಿತ್ತು. ಬೆಳಗ್ಗೆ ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದಳು. ಹೊರಗೆ ಬರುವಾಗ ಮುಖ ಒರೆಸಿಕೊಂಡು, ನೆಪಕ್ಕೆ ಒಂದು ಪೊರಕೆ ಹಿಡಿದುಕೊಂಡು ಬರುತ್ತಿದ್ದಳು. ಆ ವಾರ ಮನೆ ಎಂದೂ ಇಲ್ಲದಷ್ಟು ಚೊಕ್ಕಟವಾಗಿತ್ತು.

ಸೊಸೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅತ್ತೆಗೆ ನಿಜಕ್ಕೂ ಏನಾದರೂ ಕಾಯಿಲೆ ಇದ್ದರೆ ಎಂದು ಹೆದರಿ ಅವಳನ್ನು ಅಲ್ಲಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಕಣ್ಣು, ರಕ್ತ, ಎದೆ ಎಲ್ಲ ನೋಡಿದ ಡಾಕ್ಟರು, "ನನಗಿಂತ ಗಟ್ಟಿಯಾಗಿದ್ದಾರೆ," ಎಂದು ಕಳಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅಜ್ಜಿ ಕೇಳಿದಳು:

"ಅವನು ನಿನ್ನ ಹತ್ರ ಏನಾದ್ರೂ ಹೇಳಿದ್ನಾ?"

"ಇಲ್ಲ ಅತ್ತೆ. ಮೊದಲೆಲ್ಲ ಕೆಲಸದ ವಿಷಯ ಬೇಡ ಅಂದ್ರೂ ಹೇಳ್ತಿದ್ರು. ಈಗ ಕೇಳಿದ್ರೆ ರೇಗ್ತಾರೆ."

ಅಜ್ಜ ಸುಮ್ಮನಿರಲಿಲ್ಲ. ಶನಿವಾರ ಪಾಸ್ಟರನ್ನು ಚಹಾಕ್ಕೆ ಕರೆದ. ಪಾಸ್ಟರು ಬಂದು ಬಿಸ್ಕತ್ತು ಅದ್ದಿಕೊಂಡು ಕೂತಾಗ ವಿಷಯ ಎತ್ತಿದ.

"ನೀವು ಒಂದು ಮಾತು ಬುದ್ಧಿ ಹೇಳ್ಬೇಕು. ವಿಶ್ವಾಸಿಗಳು ಹೀಗೆ ದಿನಬೆಳಗಾದ್ರೆ ಅಳ್ತಾ ಕೂತ್ರೆ ನೋಡೋರಿಗೆ ನಮ್ಮ ಸಾಕ್ಷಿ ಏನಾಗುತ್ತೆ?"

ಪಾಸ್ಟರು ಅಜ್ಜಿಯ ಕಡೆ ನೋಡಿದರು. ಅವಳು ಕೆಟಲು ಹಿಡಿದು ನಿಂತಿದ್ದಳು, ತಲೆ ತಗ್ಗಿಸಿದ್ದಳು.

"ಹಿರಿಯರೇ, ನಾನು ಹೇಗೆ ಹೇಳಲಿ?" ಎಂದರು. "ಬೈಬಲ್ಲಲ್ಲಿ ಗೆಳೆಯನ ಸಮಾಧಿ ಮುಂದೆ ಕರ್ತನೇ ಅತ್ತ. ಇನ್ನೊಂದು ಗಳಿಗೆಗೆ ಸತ್ತ ಆ ಗೆಳೆಯನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತ. ಆ ದಿನ ಅವನ ವಿಶ್ವಾಸ ಕಮ್ಮಿಯಾಗಿತ್ತು ಅಂತ ನಾವು ಬರೆಯೋಕಾಗುತ್ತಾ?"

"ಅದು ಬೇರೆ."

"ಇರಬಹುದು. ಆದ್ರೆ ನಮ್ಮ ಸಭೇಲಿ ಅಳೋರು ಕಮ್ಮಿ, ಹಾಡೋರು ಜಾಸ್ತಿ. ನನಗೆ ಅದೇ ಒಂದೊಂದು ಸಲ ಹೆದರಿಕೆ." ಅವರು ಲೋಟ ಕೆಳಗಿಟ್ಟರು. "ಚಹಾ ಚೆನ್ನಾಗಿದೆ ಅಮ್ಮ. ನಿಮ್ಮ ಕೆಲಸ ನೀವು ಮುಂದುವರಿಸಿ."

ಅವರು ಚಹಾದ ಕೆಲಸದ ಬಗ್ಗೆ ಹೇಳಿದರೋ ಮತ್ತೊಂದರ ಬಗ್ಗೆ ಹೇಳಿದರೋ ಅಜ್ಜನಿಗೆ ಹೊಳೆಯಲಿಲ್ಲ. ಅಜ್ಜಿಗೆ ಹೊಳೆಯಿತು. ಅವತ್ತು ಪಾತ್ರೆ ತೊಳೆಯುತ್ತಾ ಮೆಲ್ಲಗೆ ಹಾಡಿಕೊಂಡಳು. ಅಜ್ಜ ಸಂಜೆಯ ತನಕ ಮುಖ ಗಂಟು ಹಾಕಿಕೊಂಡಿದ್ದ.

ಇನ್ನೊಂದು ವಾರ ಕಳೆಯಿತು. ಮಗ ಮನೆಯಲ್ಲಿ ಇನ್ನಷ್ಟು ಸಿಡುಕಿದ. ಪುಟ್ಟಿ ಹಾಲು ಚೆಲ್ಲಿದ್ದಕ್ಕೆ ಕೂಗಾಡಿದ, ಆಮೇಲೆ ತಾನೇ ಒರೆಸಿದ. ಕೆಲಸದ ಜಾಗದಲ್ಲಿ ಪ್ರತಿ ಲಿಫ್ಟಿನ ತಂತಿಯನ್ನೂ ನಾಲ್ಕು ಸಲ ನೋಡುತ್ತಿದ್ದನಂತೆ. ಹೊಸ ಜೊತೆಗಾರ ಬೇಸತ್ತು "ನಿನ್ನ ಜೊತೆ ಹೋದ್ರೆ ಮಧ್ಯಾಹ್ನದ ಊಟ ಸಂಜೆಗೆ" ಎಂದು ನಗೆಯಾಡುತ್ತಿದ್ದ.

ಭಾನುವಾರ ಆರಾಧನೆ ಮುಗಿದ ಮೇಲೆ ಅಜ್ಜಿ ನೇರ ಮನೆಗೆ ಬರಲಿಲ್ಲ. ಮೇಸ್ತ್ರಿಯ ಮನೆ ಅಲ್ಲಿಂದ ಎರಡು ಬೀದಿ ಆಚೆ. ಕೆಲಸ ಹೋದವರ ಮನೆಗೆ ಇಷ್ಟು ದಿನವಾದರೂ ತಾನು ಹೋಗಿ ಮಾತಾಡಿಸಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು. ಬೆಳಗ್ಗೆಯೇ ಕೇಕು ಬೇಯಿಸಿ ಡಬ್ಬಿಗೆ ಹಾಕಿಕೊಂಡಿದ್ದಳು.

ಅವಳು ವಾಪಸು ಬಂದಾಗ ಉಳಿದವರು ಊಟಕ್ಕೆ ಕೂತಿದ್ದರು. ಮೀನು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ಅವಳು ಚೀಲ ಮೊಳೆಗೆ ಹಾಕಿ, ಕೈ ತೊಳೆಯದೆ ಹಾಗೇ ಕುರ್ಚಿಯ ಮೇಲೆ ಕೂತಳು.

"ಮೇಸ್ತ್ರಿ ಮನೆಗೆ ಹೋಗಿದ್ದೆ."

ಮಗನ ಕೈ ತಟ್ಟೆಯಲ್ಲೇ ನಿಂತಿತು.

"ಹೇಗಿದ್ದಾರೆ?" ಎಂದ ಅಜ್ಜ.

"ಶೂ ಹಾಕ್ಕೊಂಡು ಬಾಗಿಲ ಹತ್ರ ಕೂತಿದ್ರು. ಎಲ್ಲಿಗೂ ಹೋಗಲ್ವಂತೆ. ಬೆಳಗ್ಗೆ ಆರಕ್ಕೆ ಎದ್ದು ಶೂ ಹಾಕ್ಕೊಂಡು ಕೂತ್ಬಿಡ್ತಾರಂತೆ." ಅಜ್ಜಿ ಸೆರಗಿನ ತುದಿ ತಿರುವುತ್ತಿದ್ದಳು. "ತನಗೆ ಮರೆವಿನ ಕಾಯಿಲೆ ಶುರುವಾಗಿದೆ ಅಂತ ಅವರು ನಂಬಿಬಿಟ್ಟಿದ್ದಾರೆ ರೀ. ಮೂವತ್ತು ವರ್ಷದಲ್ಲಿ ಒಂದು ತಂತಿ ಮರೆತೋನಲ್ಲ, ಈಗ ಕಟ್ಟಿದ್ದೇ ನೆನಪಿಲ್ಲ ಅಂದ್ರೆ ತಲೆ ಹೋಗ್ತಿದೆ ಅಂತ ಅರ್ಥ, ಅಂತಾರೆ. ಮೊಮ್ಮಗುನ ಎತ್ಕೊಳ್ಳೋಕೆ ಹೆದರ್ತಾರಂತೆ, ಎಲ್ಲಾದ್ರೂ ಇಟ್ಟು ಮರೆತುಬಿಟ್ರೆ ಅಂತ. ಅವರ ಹೆಂಡತಿ ಅಂಗಿ ಜೇಬಲ್ಲಿ ಮನೆ ವಿಳಾಸ ಬರೆದ ಬಟ್ಟೆ ಚೂರು ಹೊಲಿದಿದ್ದಾಳೆ. ನನಗೆ ತೋರ್ಸಿದ್ರು. ತೋರ್ಸಿ ನಕ್ಕರು."



"ಹೊರಡೋವಾಗ ಕೈ ಮುಗಿದ್ರು," ಎಂದಳು ಅಜ್ಜಿ, ಮಗನ ಕಡೆ ತಿರುಗಿ. "'ನಿಮ್ಮ ಮಗನಿಗೆ ನನ್ನಿಂದ ಕೆಟ್ಟ ಹೆಸರು ಬಂತು, ಕ್ಷಮಿಸು ಅಂದೆ ಅಂತ ಹೇಳಿ' ಅಂದ್ರು." ಅಷ್ಟು ಹೇಳಿ ಅವಳು ಮುಖ ಮುಚ್ಚಿಕೊಂಡು ಅತ್ತಳು. ಮೇಜಿನ ಮುಂದೆ ಅಳಬಾರದು ಎನ್ನುವುದು ಅವಳಿಗೆ ನೆನಪಿರಲಿಲ್ಲ.

ಮಗನ ಗಂಟಲಿನಿಂದ ಒಂದು ಶಬ್ದ ಬಂತು. ಮುಳ್ಳು ಸಿಕ್ಕಿಕೊಂಡಿತೆಂದು ಸೊಸೆ ನೀರಿನ ಲೋಟ ಚಾಚಿದಳು. ಅವನು ಲೋಟ ತೆಗೆದುಕೊಳ್ಳಲಿಲ್ಲ. ಮೂವತ್ತನಾಲ್ಕು ವರ್ಷದ ಗಂಡಸು, ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡೇ, ಬಾಯಿ ತೆರೆದು, ಮಗುವಿನ ಹಾಗೆ ಗೋಳೋ ಎಂದು ಅಳತೊಡಗಿದ. ಭುಜ ಕುಲುಕಿ ಕುಲುಕಿ ಮೇಜಿನ ಮೇಲಿದ್ದ ಚಮಚಗಳು ಅಲ್ಲಾಡಿದವು. ಪುಟ್ಟಿ ಅಮ್ಮನ ತೊಡೆ ಹತ್ತಿದಳು.

"ಏ, ಏನಿದು? ಗಂಡಸಾಗಿ…" ಎಂದು ಅಜ್ಜ ಎದ್ದ.

"ಅಳಲಿ ಬಿಡಿ," ಎಂದಳು ಅಜ್ಜಿ. ಆ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಕೂತ್ಕೊಳ್ಳಿ ನೀವು. ಇದಕ್ಕೋಸ್ಕರ ಏಳು ವಾರ ಬೇಡಿಕೊಂಡಿದ್ದೀನಿ. ಅಳಲಿ ಬಿಡಿ."

ಅಜ್ಜ ಕೂತ.

ಬಹಳ ಹೊತ್ತಾದ ಮೇಲೆ ಮಗ ಮಾತಾಡಿದ. "ತಂತಿ ಕಟ್ಟಿದ್ದು ನಾನು. ನೋಡದೇ ಬಿಚ್ಚಿದ್ದೀನಿ ಅಂತ ಸುಳ್ಳು ಹೇಳ್ದೆ. ನೆನಪಿಲ್ಲ ಅಂತ ಎರಡನೇ ಸಲ ಸುಳ್ಳು ಹೇಳ್ದೆ. ಅವರ ತಲೆ ಸರಿಯಾಗೇ ಇದೆ ಅಮ್ಮ. ಅವರು ಏನೂ ಮರೆತಿಲ್ಲ." ಹೇಳುತ್ತಾ ಹೇಳುತ್ತಾ ಮತ್ತೆ ಅತ್ತ.

ಅಜ್ಜಿ ಎದ್ದು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಸೊಸೆಯ ಮುಖ ಬಿಳುಚಿತ್ತು. ಮೊದಲು ಬಾಯಿ ತೆರೆದವನು ಅಜ್ಜ, ಮತ್ತು ಅವನು ಹೇಳಿದ್ದು ಅವನನ್ನು ಬಲ್ಲ ಯಾರೂ ನಿರೀಕ್ಷಿಸದ ಮಾತು.

"ವಿಚಾರಣೆ ಮುಗಿದಿದೆ. ಕಾಗದ ಮುಚ್ಚಿ ಆಗಿದೆ. ಈಗ ಬಿಚ್ಚಿದ್ರೆ ನಿನ್ನ ಕೆಲಸ, ನಮ್ಮ ಮರ್ಯಾದೆ, ಎರಡೂ ಹೋಗುತ್ತೆ. ದೇವರ ಹತ್ರ ಕ್ಷಮೆ ಕೇಳು. ಮೇಸ್ತ್ರಿಗೆ ಬೇರೆ ಏನಾದ್ರೂ ಸಹಾಯ ಮಾಡೋಣ."

"ಏನು ಸಹಾಯ?" ಎಂದಳು ಅಜ್ಜಿ. "ಅವರ ತಲೆ ವಾಪಸ್ ಕೊಡ್ತೀರಾ? ಇಡೀ ಜನ್ಮ ಕಂಡೋರ ಅಕ್ಷರ ತಿದ್ದಿದ್ರಿ. ಮನೇಲಿ ಇಷ್ಟು ದೊಡ್ಡ ತಪ್ಪು ಕಣ್ಣ ಮುಂದೆ ಇಟ್ರೆ ಬಿಟ್ಟುಬಿಡೋಣ ಅಂತೀರಾ?"

"ನೀನು ಸುಮ್ಮನಿರು. ಕೆಲಸ ಹೋದ್ರೆ ಊಟಕ್ಕೇನು ಮಾಡ್ತಾರೆ?"

"ನಾನಿದ್ದೀನಿ ಮಾವ," ಎಂದಳು ಸೊಸೆ. "ನನಗೂ ಭಯ ಆಗ್ತಿದೆ. ಆದ್ರೆ ದಿನಾ ನಾನು ಆಸ್ಪತ್ರೇಲಿ ರಕ್ತದ ಕಲೆ ಒಗೆಯೋಳು. ಇವತ್ತಿನದು ಇವತ್ತೇ ನೆನೆಸ್ಬೇಕು. ನಾಳೆಗೆ ಇಟ್ರೆ ಅದು ಬಟ್ಟೇದೇ ಬಣ್ಣ ಆಗ್ಬಿಡುತ್ತೆ. ಆಗ್ಲೇ ತಡ ಆಗಿದೆ." ಗಂಡನ ಕಡೆ ತಿರುಗಿದಳು. "ನಿಮ್ಮ ಬಿಳಿ ಅಂಗಿ ಇಸ್ತ್ರಿ ಮಾಡಿ ಇಡ್ತೀನಿ. ನಾಳೆ ಹೋಗಿ."

ಅಜ್ಜ ಎದ್ದು ತನ್ನ ಕೋಣೆಗೆ ಹೋದ.

ಸಂಜೆ ನಾಲ್ಕಕ್ಕೆ ಮಗ ಪುಟ್ಟಿಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ಮೇಜಿನ ಮೇಲೆ ಹೇಳಿಕೆ ಬರೆಯುತ್ತಿದ್ದಾಗ ಅಜ್ಜ ಹೊರಗೆ ಬಂದ. ಹಿಂದೆ ನಿಂತು ಓದಿದ. ಜೇಬಿನಿಂದ ಕೆಂಪು ಪೆನ್ನು ತೆಗೆದು ಪಕ್ಕದಲ್ಲಿ ಕೂತ.

"'ತಂತಿ ಉಳಿದುಬಿಟ್ಟಿತ್ತು' ಅಂತ ಬರೆದಿದ್ದೀಯ," ಎಂದ. "ತಂತಿ ತಾನಾಗೇ ಉಳಿಯಲ್ಲ." ಅದನ್ನು ಹೊಡೆದುಹಾಕಿ ಮೇಲೆ ಬರೆದ: ನಾನು ತಂತಿ ಬಿಚ್ಚಲಿಲ್ಲ. ಕೆಳಗೆ ಬಂದ. "'ತಪ್ಪು ತಿಳುವಳಿಕೆಯಾಯಿತು'. ಇದೂ ಅಲ್ಲ." ನಾನು ಸುಳ್ಳು ಹೇಳಿದೆ ಎಂದು ಬರೆದ. ಅಷ್ಟರಲ್ಲಿ ಅವನ ಕೈ ನಿಂತಿತು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ಅಕ್ಷರ ಕಾಣ್ತಿಲ್ಲ," ಎಂದ.

"ಅಜ್ಜ, ನೀನು ಅಳ್ತಿದ್ದೀಯ," ಎಂದಳು ಪುಟ್ಟಿ ಬೆರಗಾಗಿ.

ಅಜ್ಜ ಇಲ್ಲ ಎನ್ನಲಿಲ್ಲ. "ಮಧ್ಯಾಹ್ನ ಊಟದ ಹೊತ್ತಲ್ಲಿ ನಾನಾಡಿದ ಮಾತು…" ಎಂದು ಮಗನಿಗೆ ಹೇಳಲು ಹೋಗಿ ಮುಗಿಸಲಾರದೆ, ಕೆಂಪು ಪೆನ್ನನ್ನು ಅವನ ಕೈಗೆ ಕೊಟ್ಟು, "ಉಳಿದದ್ದು ನೀನೇ ತಿದ್ಕೊ. ಹೇಗೆ ಅಂತ ಗೊತ್ತಾಯ್ತಲ್ಲ," ಎಂದ. ಅವನ ಕರ್ಚೀಫು ಸೊಸೆಯ ಒಗೆಯುವ ಬುಟ್ಟಿಗೆ ಹೋಯಿತು.

ಸೋಮವಾರ ಮಗ ಮೊದಲು ಆಫೀಸಿಗೆ ಹೋಗಲಿಲ್ಲ. ಮೇಸ್ತ್ರಿಯ ಮನೆಗೆ ಹೋದ. ಅವನು ಬೇಡವೆಂದರೂ ಅಜ್ಜ ಜೊತೆಗೆ ಹೋಗಿ ಬೀದಿಯಲ್ಲಿ ನಿಂತ. ಬಾಗಿಲ ಹತ್ತಿರ ಶೂ ಹಾಕಿಕೊಂಡು ಕೂತಿದ್ದ ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು ನಿಂತು ಮಗನ ಕೆನ್ನೆಗೆ ಫಟಾರನೆ ಬಾರಿಸಿದ. ಮಗ ಕದಲಲಿಲ್ಲ. ಮೇಸ್ತ್ರಿ ಒಳಗೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಲೇ, ಬಾರೇ ಇಲ್ಲಿ! ನನಗೆ ಮರೆವಿಲ್ಲ! ನಾನು ಕಟ್ಟೇ ಇಲ್ಲ ಕಣೇ! ನನಗೆ ಮರೆವಿಲ್ಲ!"

ಅವನ ಹೆಂಡತಿ ಓಡಿ ಬಂದಳು. ಮೇಸ್ತ್ರಿ ಅಂಗಿ ಜೇಬಿಗೆ ಕೈ ಹಾಕಿ ಹೊಲಿದಿದ್ದ ಬಟ್ಟೆ ಚೂರನ್ನು ಪರ್ರನೆ ಕಿತ್ತ. ಜೇಬೂ ಹರಿಯಿತು. ಮಗನ ಕಡೆ ಮತ್ತೆ ನೋಡದೆ ಬಾಗಿಲು ಹಾಕಿಕೊಂಡ.

ಆಫೀಸಿನಲ್ಲಿ ಮ್ಯಾನೇಜರು ಹೇಳಿಕೆ ಓದಿ ಮೇಜಿನ ಆಚೆ ತಳ್ಳಿದ. "ಮುಗಿದ ವಿಷಯ. ಮನೆಗೆ ತಗೊಂಡು ಹೋಗು. ನಾನು ನೋಡಿಲ್ಲ ಅಂದ್ಕೋತೀನಿ."

"ನೋಡಿದ್ದೀರಿ ಸಾರ್," ಎಂದ ಮಗ. "ಇನ್ನೊಂದು ಪ್ರತಿ ತನಿಖೆ ಮಾಡಿದವರಿಗೆ ಕಳಿಸಿದ್ದೀನಿ. ಇದಕ್ಕೆ ಮುದ್ರೆ ಹಾಕಿ ಕೊಡಿ."

ಕೆನ್ನೆಯ ಮೇಲೆ ಮೇಸ್ತ್ರಿಯ ಬೆರಳುಗಳ ಗುರುತು ಹಾಗೇ ಇತ್ತು. ಆದರೂ ಅವನ ದನಿ ನಡುಗಲಿಲ್ಲ. ಮ್ಯಾನೇಜರು ಮುದ್ರೆ ಹಾಕಿದ.

ಆ ಸಂಜೆ ಮಗ ಉಪಕರಣಗಳ ಚೀಲವಿಲ್ಲದೆ ಮನೆಗೆ ಬಂದ. ಅವನನ್ನು ಕೆಲಸದಿಂದ ಹೊರಗಿಟ್ಟಿದ್ದರು. ಆದರೂ ಎರಡು ತಿಂಗಳಲ್ಲಿ ಮೊದಲ ಸಲ ಎರಡನೇ ಬಾರಿಗೆ ಬಡಿಸಿಕೊಂಡ. ಪುಟ್ಟಿಯ ತಟ್ಟೆಯ ಆಲೂಗಡ್ಡೆಯನ್ನೂ ಕದ್ದ.

"ಅಪ್ಪ ವಾಪಸ್ ಬಂದ!" ಎಂದಳು ಪುಟ್ಟಿ.

"ಎಲ್ಲಿಂದ ವಾಪಸ್ಸು? ಈಗ ತಾನೇ ಕೆಲಸ ಕಳ್ಕೊಂಡು ಬಂದಿದ್ದೀನಿ."

"ಅದಲ್ಲ," ಎಂದಳು ಪುಟ್ಟಿ. ಯಾವುದು ಎಂದು ಅವಳಿಗೂ ಹೇಳಲು ಬರಲಿಲ್ಲ.

ಪಿಯಾನೊ ಟೀಚರ ಮನೆಗೂ ಗಂಡ ಹೆಂಡತಿ ಹೋಗಿ ಬಂದರು. "ಇಷ್ಟು ದಿನ ಬೇಕಾಯ್ತಾ?" ಎಂದು ಅವರು ಬೈದರು, ಆಮೇಲೆ ಊರುಗೋಲು ಊರಿಕೊಂಡು ಬಾಗಿಲ ತನಕ ಬಂದು ಕಳಿಸಿದರು. ಮುಂದಿನ ಭಾನುವಾರ ರೊಟ್ಟಿಯ ತಟ್ಟೆ ಮಗನ ಕೈಗೆ ಬಂದಾಗ ಅವನು ತುಂಡು ತೆಗೆದುಕೊಂಡ. ಪ್ರಾರ್ಥನೆಯ ಹೊತ್ತಿಗೆ ಅಜ್ಜ ಮುಂದಿನ ಬೆಂಚಿನಿಂದ ಎದ್ದು ನಿಂತ. ಸಭೆಯವರು ಎಂದಿನ ಗಂಟೆ ಬಾರಿಸುವ ದನಿಗೆ ಕಾದರು. ಅಜ್ಜ ಹೇಳಿದ್ದು ಇಷ್ಟೇ: "ಕರ್ತನೇ, ನಾನು ನನ್ನ ಹೆಂಡತಿಯ ಕಣ್ಣೀರಿಗೆ ನಾಚಿಕೊಂಡೆ. ಅದು ನಿನ್ನ ಹತ್ತಿರ ಹೋಗಿ ಕೆಲಸ ಮಾಡಿಕೊಂಡು ಬಂತು. ನನ್ನ ಪ್ರಾರ್ಥನೆ ಈ ಛಾವಣಿ ದಾಟಿತ್ತೋ ಇಲ್ಲವೋ ಗೊತ್ತಿಲ್ಲ." ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ ನಿಂತೇ ಇದ್ದ. ಹಿಂದಿನ ಬೆಂಚುಗಳಲ್ಲಿ ಎಷ್ಟೋ ವರ್ಷದಿಂದ ಬಿಗಿಹಿಡಿದುಕೊಂಡಿದ್ದವರು ಒಬ್ಬೊಬ್ಬರಾಗಿ ಬಿಕ್ಕತೊಡಗಿದರು. ಪಾಸ್ಟರು ಹಾಡು ಹೇಳಿಸಲಿಲ್ಲ, ಕಾದರು.

ಮಗನ ಹೇಳಿಕೆಯ ಮೇಲೆ ತೀರ್ಮಾನ ಬರಲು ಐದು ವಾರ ಹಿಡಿಯಿತು. ಅಷ್ಟು ದಿನ ಸೊಸೆ ಲಾಂಡ್ರಿಯಲ್ಲಿ ಹೆಚ್ಚಿನ ಪಾಳಿ ಮಾಡಿದಳು, ಅಜ್ಜ ಮಕ್ಕಳಿಗೆ ಬರವಣಿಗೆ ಪಾಠ ಹೇಳಿಕೊಟ್ಟ, ಮಗ ಮನೆಯ ಅಡುಗೆ ಕಲಿತ. ಕಲಿತ ಎಂದರೆ ತಪ್ಪಾಗುತ್ತದೆ. ಎರಡು ಪಾತ್ರೆ ಸುಟ್ಟ. ಮೇಸ್ತ್ರಿಯ ಕಡೆಯಿಂದ ಒಂದು ಮಾತೂ ಬರಲಿಲ್ಲ. ಅಜ್ಜಿ ದಿನಾ ಬೆಳಗ್ಗೆ ಊಟದ ಮೇಜಿನ ಮುಂದೆಯೇ, ಎಲ್ಲರ ನಡುವೆಯೇ, ಅವನಿಗಾಗಿ ಬೇಡಿಕೊಂಡಳು. ಅಳು ಬಂದರೆ ಅತ್ತಳು. ಅಜ್ಜ ತಣ್ಣಗಾದ ಚಹಾವನ್ನು ಹಾಗೇ ಕುಡಿದ.

ಒಂದು ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಪುಟ್ಟಿ ತೆಗೆದಳು. ಮೇಸ್ತ್ರಿ ಮತ್ತು ಅವನ ಹೆಂಡತಿ. ಮೇಸ್ತ್ರಿ ಎಡಗೈಯಲ್ಲಿ ಮೊಮ್ಮಗುವನ್ನು ಎತ್ತಿಕೊಂಡಿದ್ದ. ಬಲಗೈಯಲ್ಲಿ ಒಂದು ಕಾಗದ.

"ನಾನು ಸೋಮವಾರದಿಂದ ಕೆಲಸಕ್ಕೆ," ಎಂದ ಹೊಸಿಲಲ್ಲೇ ನಿಂತು. "ಹೆಸರ ಮೇಲೆ ಒಂದು ಚುಕ್ಕೆ ಇಲ್ಲ ಅಂತ ಬರೆದು ಕೊಟ್ಟಿದ್ದಾರೆ."

ಮಗ ಒಲೆಯ ಮುಂದಿನಿಂದ ಚಮಚ ಹಿಡಿದುಕೊಂಡೇ ಬಂದು ದೂರದಲ್ಲಿ ನಿಂತ.

"ನಿನ್ನ ತೀರ್ಮಾನ ಕೇಳಿದೆ," ಎಂದ ಮೇಸ್ತ್ರಿ. "ಆರು ತಿಂಗಳು ಲಿಫ್ಟು ಮುಟ್ಟೋ ಹಾಗಿಲ್ಲ. ಆಮೇಲೆ ಮತ್ತೆ ಪರೀಕ್ಷೆ ಬರೀಬೇಕು. ಯಾರಾದ್ರೂ ಹಿರಿಯ ಮೆಕ್ಯಾನಿಕ್ ಜವಾಬ್ದಾರಿ ತಗೊಂಡ್ರೆ ಮಾತ್ರ ಸೇರಿಸ್ಕೋತಾರೆ. ಅಲ್ವಾ?"

"ಹೌದು ಮೇಸ್ತ್ರೀ."

"ಯಾರು ತಗೋತಾರೆ?"

"ಯಾರೂ ತಗೊಳ್ಳಲ್ಲ."

"ನಾನು ತಗೊಂಡಿದ್ದೀನಿ. ನಿನ್ನೆ ಸಹಿ ಹಾಕಿ ಬಂದೆ. ಸಹಿ ಹಾಕಿದ್ದು ನೆನಪಿದೆ, ತಾರೀಕು ನೆನಪಿದೆ, ಪೆನ್ನಿನ ಬಣ್ಣ ಕೂಡ ನೆನಪಿದೆ!" ಎಂದು ನಗುತ್ತಾ ಮಗುವನ್ನು ಮೇಲಕ್ಕೆ ಎತ್ತಿಕೊಂಡ. "ನಿನ್ನ ಮೇಲೆ ಸಿಟ್ಟು ಇನ್ನೂ ಇದೆ ಕಣೋ. ಐದು ವಾರ ಕುದ್ದಿದ್ದೀನಿ. ಆದ್ರೆ ನೀನು ಬರದೇ ಇದ್ದಿದ್ರೆ ನಾನು ಸಾಯೋ ತನಕ ಆ ಬಾಗಿಲ ಹತ್ರಾನೇ ಕೂತಿರ್ತಿದ್ದೆ. ಬಾ ಇಲ್ಲಿ."

ಮಗ ಹೋದ. ಮೇಸ್ತ್ರಿ ಮಗುವನ್ನು ಅವನ ತೋಳಿಗೆ ಕೊಟ್ಟು, ಇಬ್ಬರನ್ನೂ ಸೇರಿಸಿ ತಬ್ಬಿಕೊಂಡ. ಚಮಚದಲ್ಲಿದ್ದದ್ದು ಮೇಸ್ತ್ರಿಯ ಹೊಸ ಅಂಗಿಯ ಬೆನ್ನಿಗೆ ಹತ್ತಿತು. ಮಗು ಹೆದರಿ ಚೀರಿತು. ಮೇಸ್ತ್ರಿಯ ಹೆಂಡತಿ ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು. ಸೊಸೆ ಅಂಗಿಯ ಕಲೆ ನೋಡಿ, "ಅಯ್ಯೋ, ಬೇಗ ತಣ್ಣೀರು!" ಎಂದು ಓಡಿದಳು. ಅಜ್ಜಿಗೆ ನಗು ಬಂತು. ನಿಲ್ಲಿಸಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆಗೊರಗಿ, ಇಡೀ ಬೀದಿಗೆ ಕೇಳುವ ಹಾಗೆ ನಕ್ಕಳು.

ಪಕ್ಕದ ಮನೆಯಾಕೆ ಗಾಬರಿಯಾಗಿ ಓಡಿ ಬಂದು ಬಾಗಿಲಲ್ಲಿ ಇಣುಕಿದಳು. "ಏನಾಯ್ತು? ಎಲ್ಲರೂ ಅಳ್ತಿದ್ದೀರೋ, ನಗ್ತಿದ್ದೀರೋ?"

"ಎರಡೂ," ಎಂದ ಅಜ್ಜ, ಒದ್ದೆ ಮುಖ ಒರೆಸಿಕೊಳ್ಳದೆ ಕುರ್ಚಿಯೊಂದನ್ನು ಎಳೆದು ಹಾಕುತ್ತಾ. "ಒಳಗೆ ಬನ್ನಿ. ಊಟಕ್ಕೆ ಕೂತ್ಕೊಳ್ಳಿ."